ಏಳು ಮನೆ ದಾಟಿಲ್ಲ ಬೆಕ್ಕು

“ಬೆಕ್ಕಲ್ವಾ, ಹೊಟ್ಟೆ ಹಸಿದರೆ ತಾನಾಗೇ ಬರುತ್ತೆ ಬಿಡಿ.”

ಸಾಕಿದ ಬೆಕ್ಕು ಕಾಣುತ್ತಿಲ್ಲ ಎಂದು ಯಾರ ಹತ್ತಿರ ಹೇಳಿಕೊಂಡರೂ ಮೊದಲು ಬರುವ ಸಮಾಧಾನದ ಮಾತು ಇದು. ಹೇಳುವವರ ಮನಸ್ಸು ಒಳ್ಳೆಯದೇ. ಹಿತ್ತಿಲು, ಕೊಟ್ಟಿಗೆ, ಅಟ್ಟ ಎಂದು ಸುತ್ತಾಡಿಕೊಂಡು ಬೆಳೆದ ಹಳ್ಳಿಮನೆಯ ಬೆಕ್ಕಿನ ಮಟ್ಟಿಗೆ ಈ ಮಾತು ಎಷ್ಟೋ ಸಲ ನಿಜವೂ ಹೌದು. ಗೋಣಿಚೀಲದಲ್ಲಿ ತುಂಬಿ ಹೊಳೆಯಾಚೆ ಬಿಟ್ಟು ಬಂದ ಬೆಕ್ಕು, ಬಿಟ್ಟವನಿಗಿಂತ ಮೊದಲೇ ಮನೆ ಸೇರಿತ್ತು ಎಂಬ ಕಥೆ ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಆದರೆ ಪೇಟೆಯ ಮನೆಯೊಳಗೇ ಬೆಳೆದು, ಕಿಟಕಿಯ ಜಾಲರಿಯಿಂದಲೇ ಲೋಕ ನೋಡಿದ ಬೆಕ್ಕಿನ ವಿಷಯದಲ್ಲಿ ಇದನ್ನು ನಂಬಿ ಕೂತರೆ, ಹುಡುಕಲೇಬೇಕಾದ ಮೊದಲ ವಾರ ಕೈಜಾರಿ ಹೋಗುತ್ತದೆ. ಅಂಥ ಬೆಕ್ಕು ದೂರ ಹೋಗಿರುವುದಿಲ್ಲ. ಹಸಿವಾದರೂ ಎದ್ದು ಬರುವ ಧೈರ್ಯ ಅದಕ್ಕಿರುವುದಿಲ್ಲ. ಪಕ್ಕದವರ ಹಿತ್ತಿಲಲ್ಲೋ ಎದುರು ಮನೆಯ ಮೆಟ್ಟಿಲ ಕೆಳಗೋ ಸದ್ದಿಲ್ಲದೆ ಕೂತಿರುತ್ತದೆ. ಹೋಗಿ ಕರೆತರಬೇಕಾದವರು ನಾವು. ಆ ಹಿತ್ತಿಲಿನ ಗೇಟು ತೆಗೆಯಬೇಕಾದವರು ನೆರೆಹೊರೆಯವರು.

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಬೆಂಗಳೂರಿನ ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ ನಮ್ಮ ಮನೆ. ಒಂದು ದೀಪಾವಳಿಯಲ್ಲಿ ನಮ್ಮ ರಂಗಿ ಕಾಣೆಯಾಗಿ, ಬೀದಿಯವರೆಲ್ಲ ಸೇರಿ ಹುಡುಕಿಕೊಟ್ಟರು. ಅಂದಿನಿಂದ ಸುತ್ತಮುತ್ತ ಯಾರ ಬೆಕ್ಕು ತಪ್ಪಿಸಿಕೊಂಡರೂ ನನಗೊಂದು ಫೋನು ಬರುತ್ತದೆ. “ಟೀಚರ್, ಏನು ಮಾಡೋದು?” ಎನ್ನುತ್ತಾರೆ. ಟಾರ್ಚು ಹಿಡಿದು ಹೊರಡುತ್ತೇನೆ. ಕೆಲವು ಸಿಕ್ಕಿವೆ, ಕೆಲವು ಸಿಕ್ಕಿಲ್ಲ. ಹೀಗೆ ಹೋಗಿ ಬಂದು ತಿಳಿದದ್ದನ್ನು, ಓದಿ ತಿಳಿದದ್ದನ್ನು, ಈಗ ಹುಡುಕುತ್ತಿರುವವರ ಉಪಯೋಗಕ್ಕೆಂದು ಬರೆಯುತ್ತಿದ್ದೇನೆ.

ರಂಗಿ ಮೂರು ಬಣ್ಣದ ಹೆಣ್ಣು. ಬಿಳಿ ಮೈಮೇಲೆ ಕಪ್ಪು ಮತ್ತು ಬೆಲ್ಲದ ಬಣ್ಣದ ಮಚ್ಚೆಗಳು. ಎಡಗಣ್ಣಿನ ಸುತ್ತ ಕಪ್ಪು, ಬಲಗಣ್ಣಿನ ಸುತ್ತ ಬೆಲ್ಲ. ಬಲಿಪಾಡ್ಯಮಿಯ ಸಂಜೆ ಮನೆಗೆ ನೆಂಟರು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹೊತ್ತಿಗೇ ಗೇಟಿನ ಮುಂದೆ ಯಾರೋ ಸಾವಿರದ ಸರ ಹಚ್ಚಿದರು. ಸೋಫಾದ ಕೆಳಗಿದ್ದ ರಂಗಿ ನೆಂಟರ ಕಾಲುಗಳ ನಡುವೆ ನುಗ್ಗಿ, ಕಾಂಪೌಂಡು ಏರಿ, ಹೊಗೆಯಲ್ಲಿ ಮರೆಯಾದಳು. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದು ಕೇಳಿಸುತ್ತದೆ. ಬೆಕ್ಕಿನ ಕಿವಿ 60,000ಕ್ಕೂ ಮೇಲಕ್ಕೆ ಹೋಗುತ್ತದೆ. ಗೋಡೆಯೊಳಗೆ ಇಲಿಮರಿ ಕಿಚಗುಡುವುದನ್ನು ಕೇಳುವಂತೆ ರೂಪುಗೊಂಡ ಕಿವಿ ಅದು. ನಾವೇ ಕಿವಿ ಮುಚ್ಚಿಕೊಳ್ಳುವ ಸದ್ದು ಅದರ ಮೈಮೇಲೆ ಹೇಗೆ ಬೀಳುತ್ತದೆ ಎಂದು ಪಟಾಕಿ ಹಚ್ಚುವ ಮಕ್ಕಳಿಗೆ ಒಮ್ಮೆ ಕೂರಿಸಿಕೊಂಡು ಹೇಳಬೇಕು. ಹೇಳಿದರೆ ಮಕ್ಕಳಿಗೆ ಅರ್ಥವಾಗುತ್ತದೆ.

ಆ ರಾತ್ರಿ ನಮಗೆ ತೋಚಿದ್ದು ಎಲ್ಲರಿಗೂ ತೋಚುವುದೇ. ಸಂಪಿಗೆ ರಸ್ತೆಯ ತನಕ ಹೋದೆವು, ಮಾರ್ಗೋಸಾ ರಸ್ತೆಯ ಕಡೆ ಹೋದೆವು, ಹೆಸರು ಹಿಡಿದು ಕೂಗಿದೆವು. ಹಿಂತಿರುಗುವಾಗ ಎದುರು ಮನೆಯ ಅಜ್ಜಿ ಜಗಲಿಯ ದೀಪಗಳಿಗೆ ಎಣ್ಣೆ ಹಾಕುತ್ತಾ ನಿಂತಿದ್ದರು. “ಅಷ್ಟು ದೂರ ಯಾಕೆ ಹೋಗ್ತೀಯಮ್ಮಾ? ಬೆಕ್ಕು ಮರಿ ಹಾಕಿದರೂ ಏಳು ಮನೆ ತಾನೆ ಸುತ್ತಿಸೋದು? ಏಳು ಮನೆ ನೋಡು ಮೊದಲು. ಆಮೇಲೆ ಊರು” ಎಂದರು.

ಅಜ್ಜಿಯ ಲೆಕ್ಕ ಎಷ್ಟು ಸರಿ ಎಂದು ನನಗೆ ಗೊತ್ತಾದದ್ದು ಆಮೇಲೆ, 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಓದಿದಾಗ. ಕಾಣೆಯಾದ 1210 ಬೆಕ್ಕುಗಳ ಮನೆಯವರಿಂದ ವಿವರ ಪಡೆದು ಮಾಡಿದ ಅಧ್ಯಯನ. ಸಿಕ್ಕಿದ ಬೆಕ್ಕುಗಳಲ್ಲಿ ನೂರಕ್ಕೆ 75 ಸಿಕ್ಕಿದ್ದು ತಪ್ಪಿಸಿಕೊಂಡ ಜಾಗದಿಂದ 500 ಮೀಟರಿನೊಳಗೆ. ಯಾವಾಗಲೂ ಮನೆಯೊಳಗೇ ಇದ್ದ ಬೆಕ್ಕುಗಳನ್ನಷ್ಟೇ ತೆಗೆದುಕೊಂಡರೆ, ಮುಕ್ಕಾಲು ಪಾಲು 137 ಮೀಟರು ದಾಟಿರಲಿಲ್ಲ. ನಮ್ಮ ಕಡೆಯ ನಲವತ್ತು–ಅರವತ್ತರ ಸೈಟುಗಳಲ್ಲಿ 137 ಮೀಟರು ಎಂದರೆ ರಸ್ತೆಯುದ್ದಕ್ಕೆ ಹನ್ನೊಂದು ಮನೆ. ಏಳು ಮನೆಯ ಮಾತು ಬಾಣಂತಿ ಬೆಕ್ಕಿನದು, ನಿಜ. ಆದರೆ ಹೆದರಿದ ಬೆಕ್ಕನ್ನು ಎಲ್ಲಿಂದ ಹುಡುಕಲು ಶುರು ಮಾಡಬೇಕು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಅಳತೆ ನನಗಂತೂ ಬೇರೆ ಸಿಕ್ಕಿಲ್ಲ.

ಅದೇ ಅಧ್ಯಯನದ ಇನ್ನೊಂದು ಅಂಕಿ ಮನಸ್ಸು ಭಾರ ಮಾಡುವಂಥದು. ವರ್ಷದೊಳಗೆ ಸಿಕ್ಕಿದವು ನೂರಕ್ಕೆ 61 ಮಾತ್ರ. ಜೀವಂತವಾಗಿ ಮನೆ ಸೇರಿದವುಗಳಲ್ಲಿ ದೊಡ್ಡ ಪಾಲು ಮೊದಲ ಏಳು ದಿನದೊಳಗೇ ಸೇರಿದವು: ಒಟ್ಟು ಕಾಣೆಯಾದವುಗಳಲ್ಲಿ ನೂರಕ್ಕೆ 34. ತೊಂಬತ್ತು ದಿನ ದಾಟಿದ ಮೇಲೆ ಜೀವಂತ ಸಿಕ್ಕಿದವು ತೀರಾ ಕಡಿಮೆ. ಮೊದಲ ವಾರ ಎಂದು ನಾನು ಒತ್ತಿ ಒತ್ತಿ ಹೇಳುವುದು ಇದಕ್ಕೇ.

ಆ ಅಧ್ಯಯನ ಬರೆದವರಲ್ಲಿ ಒಬ್ಬರು ಕ್ಯಾಟ್ ಆಲ್ಬ್ರೆಕ್ಟ್. ಕ್ಯಾಲಿಫೋರ್ನಿಯಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದವರು, ವಾಸನೆ ಹಿಡಿಯುವ ಬ್ಲಡ್‌ಹೌಂಡ್ ನಾಯಿಗಳನ್ನು ಪಳಗಿಸಿ ಕಾಣೆಯಾದ ಮನುಷ್ಯರನ್ನು ಹುಡುಕುತ್ತಿದ್ದವರು. ಆಮೇಲೆ ಅದೇ ಪತ್ತೇದಾರಿ ಕ್ರಮವನ್ನು ಕಾಣೆಯಾದ ನಾಯಿ-ಬೆಕ್ಕುಗಳ ಹುಡುಕಾಟಕ್ಕೆ ತಂದರು. ಅವರು ಮತ್ತೆ ಮತ್ತೆ ಹೇಳುವ ಒಂದು ಮಾತು ಸರಳವಾಗಿದೆ: ಹೆದರಿದ ಬೆಕ್ಕು ಬಾಯಿ ಬಿಡುವುದಿಲ್ಲ. ಬೆಕ್ಕು ಇಲಿ ಹಿಡಿಯುವ ಬೇಟೆಗಾರ ಎನ್ನುವುದಷ್ಟೇ ನಮ್ಮ ತಲೆಯಲ್ಲಿರುತ್ತದೆ. ಆದರೆ ಅದು ನಾಯಿಗೆ, ತನಗಿಂತ ದೊಡ್ಡದಾದ ಎಷ್ಟೋ ಪ್ರಾಣಿಗೆ ಬಲಿಯೂ ಹೌದು. ಗುರುತಿಲ್ಲದ ಜಾಗದಲ್ಲಿ ಒಂದು ಸಲ ಮಿಯಾವ್ ಎಂದರೂ ತಾನಿರುವ ಜಾಗ ಶತ್ರುವಿಗೆ ತಿಳಿಯುತ್ತದೆ. ಅದಕ್ಕೇ ಮೈ ಕುಗ್ಗಿಸಿ, ಉಸಿರು ಬಿಗಿಹಿಡಿದು ಕೂರುತ್ತದೆ. ಸಾಕಿದವರು ಎರಡು ಮಾರು ದೂರದಲ್ಲಿ ನಿಂತು ಕೂಗಿದರೂ ಅಷ್ಟೇ.

ಹಾಗಾದರೆ ನಮ್ಮ ದನಿ ಅದಕ್ಕೆ ಗುರುತು ಸಿಗುವುದಿಲ್ಲವೆ? ಸಿಗುತ್ತದೆ. ಜಪಾನಿನ ಅತ್ಸುಕೊ ಸೈಟೊ ಎಂಬ ವಿಜ್ಞಾನಿ ಇದನ್ನೇ ಪರೀಕ್ಷಿಸಿದ್ದಾರೆ. 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಪರಿಚಿತರ ದನಿಗಳ ನಡುವೆ ಮನೆಯವರ ದನಿಯನ್ನೂ ಬೆಕ್ಕುಗಳಿಗೆ ಕೇಳಿಸಿದರು. ಮನೆಯವರ ದನಿ ಬಂದಾಗ ಬೆಕ್ಕುಗಳು ಕಿವಿ ತಿರುಗಿಸಿದವು, ತಲೆ ಹೊರಳಿಸಿದವು. ಆದರೆ ಓಗೊಡಲಿಲ್ಲ, ಎದ್ದು ಹೋಗಲಿಲ್ಲ. ತಮ್ಮ ತಮ್ಮ ಮನೆಯಲ್ಲೇ ಹಾಯಾಗಿ ಕೂತಿದ್ದ ಬೆಕ್ಕುಗಳವು. 2019ರಲ್ಲಿ ಅದೇ ತಂಡ, ಬೇರೆ ಪದಗಳ ನಡುವೆಯೂ ಬೆಕ್ಕು ತನ್ನ ಹೆಸರನ್ನು ಗುರುತಿಸುತ್ತದೆ ಎಂದು ತೋರಿಸಿತು. ಬೀದಿಯಲ್ಲಿ ನಿಂತು “ರಂಗೀ…” ಎಂದು ಕೂಗಿದಾಗ ಉತ್ತರ ಬರದಿದ್ದರೆ, ಕೇಳಿಸಿಕೊಂಡು ಸುಮ್ಮನಿರುವ ಸಾಧ್ಯತೆ ಯಾವಾಗಲೂ ಇದೆ. “ಆ ಹಿತ್ತಿಲಲ್ಲಿ ಕರೆದೆವು, ಇಲ್ಲ” ಎಂದು ಯಾರಾದರೂ ಹೇಳಿದರೆ ನಾನು ಆ ಹಿತ್ತಿಲನ್ನು ನೋಡಿದ ಲೆಕ್ಕಕ್ಕೆ ಸೇರಿಸುವುದಿಲ್ಲ. ಟಾರ್ಚು ಬಿಟ್ಟು, ಮಂಡಿಯೂರಿ, ಕಣ್ಣಾರೆ ನೋಡಿದ್ದರೆ ಮಾತ್ರ ನೋಡಿದ ಹಾಗೆ.

ಹಾಗೆ ನೋಡಬೇಕಾದರೆ ಬೇರೆಯವರ ಮನೆಯೊಳಗೆ ಕಾಲಿಡಬೇಕು. ಪೇಟೆಯಲ್ಲಿ ಕಷ್ಟವಿರುವುದು ಇಲ್ಲೇ.

ಸಾಮಾನ್ಯವಾಗಿ ನಾವು ಗೇಟಿನಾಚೆ ನಿಂತು “ಒಂದು ಬೆಕ್ಕು ಬಂತಾ?” ಎಂದು ಕೇಳುತ್ತೇವೆ. ಅವರು “ಇಲ್ಲವಲ್ಲ” ಎನ್ನುತ್ತಾರೆ. ಅವರು ಹೇಳಿದ್ದು ಸತ್ಯ, ಅವರು ನೋಡಿಲ್ಲ. ಅಡಗಿದ ಬೆಕ್ಕು ಮನೆಯವರ ಕಣ್ಣಿಗೆ ಬೀಳುವುದೇ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: “ನಿಮ್ಮ ಹಿತ್ತಿಲಲ್ಲಿ ನಾನೇ ಒಂದು ಸಲ ನೋಡಲಾ? ಹತ್ತು ನಿಮಿಷ ಸಾಕು. ರಾತ್ರಿ ಟಾರ್ಚು ಬಿಟ್ಟರೆ ಗಾಬರಿ ಆಗಬೇಡಿ.” ಇಷ್ಟನ್ನು ನೇರವಾಗಿ, ಹೆಸರು ಹೇಳಿಕೊಂಡು, ಕೈಯಲ್ಲಿ ಬೆಕ್ಕಿನ ಫೋಟೊ ಹಿಡಿದು ಕೇಳಿದರೆ ಬೇಡ ಎಂದವರನ್ನು ನಾನು ಕಂಡದ್ದು ಅಪರೂಪ. ನಮ್ಮ ಬೀದಿಯಲ್ಲಿ ಬೆಕ್ಕೆಂದರೆ ಆಗದ ಒಬ್ಬರಿದ್ದಾರೆ. ಹೊರಡುವಾಗ ಬೆಕ್ಕು ಅಡ್ಡ ಬಂದರೆ ಒಳಗೆ ಹೋಗಿ ನೀರು ಕುಡಿದು ಬರುತ್ತಾರೆ. ರಂಗಿ ಕಾಣೆಯಾದ ರಾತ್ರಿ ತಮ್ಮ ಗೇಟಿನ ಸಿಸಿಟಿವಿ ದೃಶ್ಯಗಳನ್ನೆಲ್ಲ ಹಿಂದಕ್ಕೆ ಓಡಿಸಿ ಓಡಿಸಿ ನೋಡಿದವರು ಅವರೇ. ಮಧ್ಯರಾತ್ರಿ ನಮ್ಮ ಬಾಗಿಲು ತಟ್ಟಿ, “ಮೇಡಂ, ಬಿಳೀದೊಂದು ಹಿಂದಿನ ಗಲ್ಲಿ ಕಡೆ ಹೋಗಿದೆ. ರಸ್ತೆ ದಾಟಿಲ್ಲ” ಎಂದರು. ಆ ಒಂದು ಮಾತಿನಿಂದ ಹುಡುಕಾಟದ ದಿಕ್ಕೇ ಬದಲಾಯಿತು.

ಹಿಂದಿನ ಗಲ್ಲಿ ಎಂದರೆ ಕನ್ಸರ್ವೆನ್ಸಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಇಕ್ಕಟ್ಟಾದ ಹಳೇ ಪೇಟೆಯ ಜನ ಬಂದು ನೆಲೆಸಿದ, ಗಾಳಿ ಬೆಳಕು ಬರುವ ಹಾಗೆ ಎಳೆದ ಬಡಾವಣೆಗಳು ಮಲ್ಲೇಶ್ವರ ಮತ್ತು ಬಸವನಗುಡಿ. ಮನೆಗಳ ಬೆನ್ನಿಗೆ ಬೆನ್ನು ಕೊಟ್ಟ ಸಾಲುಗಳ ನಡುವೆ ಶೌಚದ ಕೆಲಸದವರು ಓಡಾಡಲೆಂದು ಕಿರಿದಾದ ಓಣಿ ಬಿಟ್ಟರು. ಆ ಕೆಲಸ ನಿಂತು ಎಷ್ಟೋ ಕಾಲವಾಯಿತು. ಈಗ ಅಲ್ಲಿ ಮುರಿದ ಕುರ್ಚಿ, ಕಟ್ಟಡದ ಕಲ್ಲುಮಣ್ಣು, ನುಗ್ಗೆ ಮರ, ಕರೆಂಟಿನ ಪೆಟ್ಟಿಗೆ, ಬೈಕುಗಳು. ನಮ್ಮ ಬಡಾವಣೆಯ ಬೆಕ್ಕುಗಳಿಗೆ ಅದೇ ರಾಜಮಾರ್ಗ. ಮುಂದಿನ ರಸ್ತೆಯ ಕಡೆ ಎಷ್ಟೇ ಹುಡುಕಿದರೂ ಸಿಗದ ಬೆಕ್ಕು ಈ ಓಣಿಗೆ ಬಾಗಿಲಿರುವ ಹಿತ್ತಿಲುಗಳಲ್ಲಿ ಸಿಗುತ್ತದೆ. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಇರುವವರಿಗೂ ಇಂಥ ಓಣಿಗಳು ಗೊತ್ತಿರುತ್ತವೆ. ಅಪಾರ್ಟ್‌ಮೆಂಟಿನವರು ಇದರ ಬದಲಿಗೆ ನೆಲಮಾಳಿಗೆಯ ಕಾರು ನಿಲ್ದಾಣ, ಜನರೇಟರ್ ಕೋಣೆ, ಪೈಪು ಇಳಿಯುವ ಶಾಫ್ಟು, ಲಿಫ್ಟಿನ ಕೆಳಗಿನ ಗುಂಡಿ ನೋಡಬೇಕು. ಕಟ್ಟುತ್ತಿರುವ ಮನೆ ಹತ್ತಿರವಿದ್ದರೆ ಸೆಂಟ್ರಿಂಗ್ ಶೀಟುಗಳ ರಾಶಿ, ಸಿಮೆಂಟು ಇಡುವ ಶೆಡ್ಡು, ಮುಚ್ಚಳವಿಲ್ಲದ ಸಂಪು. ಕಾರುಗಳ ಬಾನೆಟ್ಟಿನೊಳಗೆ ಇಂಜಿನ್ನಿನ ಬಿಸಿಗೆ ಹೋಗಿ ಕೂರುವುದೂ ಉಂಟು. ಕಾರ್ತಿಕದ ಚಳಿಯಲ್ಲಿ ಬೆಳಗ್ಗೆ ಕಾರು ತೆಗೆಯುವವರಿಗೆ ಬಾನೆಟ್ಟಿನ ಮೇಲೆ ಒಂದೆರಡು ಸಲ ಬಡಿದು ಆಮೇಲೆ ಸ್ಟಾರ್ಟ್ ಮಾಡಿ ಎಂದು ಕೇಳಿಕೊಳ್ಳಬೇಕು. ಇದೊಂದನ್ನು ಬೆಕ್ಕು ಕಾಣೆಯಾಗದ ದಿನಗಳಲ್ಲೂ ಎಲ್ಲರೂ ರೂಢಿ ಮಾಡಿಕೊಂಡರೆ ಎಷ್ಟು ಜೀವ ಉಳಿಯುತ್ತದೆ!

ಬೀದಿಯ ವಿಷಯ ಮನೆಯವರಿಗಿಂತ ಬೀದಿಯಲ್ಲೇ ದುಡಿಯುವವರಿಗೆ ಚೆನ್ನಾಗಿ ಗೊತ್ತು. ಬೆಳಗಿನ ಜಾವ ನಂದಿನಿ ಬೂತಿನಲ್ಲಿ ಹಾಲಿನ ಕ್ರೇಟು ಇಳಿಸುವವರು, ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿಕೊಂಡು ಇಸ್ತ್ರಿ ಮಾಡುವವರು, ಹೂವಿನವರು, ರಾತ್ರಿ ಕಾವಲಿನವರು, ಇವರ ಕಣ್ಣು ತಪ್ಪಿಸಿ ಒಂದು ಬೆಕ್ಕೂ ಓಡಾಡಲಾರದು. ನಮ್ಮ ಇಸ್ತ್ರಿಯವರು ಫೋಟೊ ನೋಡಿದ ಕೂಡಲೆ ತಮ್ಮ ಗಾಡಿಗೆ ಬರುವ ಪ್ರತಿಯೊಬ್ಬರಿಗೂ ಅದನ್ನು ತೋರಿಸತೊಡಗಿದರು. ಬಟ್ಟೆ ಕೊಡಲು ಬಂದವರು ಆ ಫೋಟೊ ನೋಡದೆ ಹೋಗುವ ಹಾಗಿರಲಿಲ್ಲ.

ಪೌರಕಾರ್ಮಿಕರನ್ನು ಕೇಳುವಾಗ ಮಾತ್ರ ಎದೆ ಗಟ್ಟಿ ಮಾಡಿಕೊಳ್ಳಬೇಕು. ರಾತ್ರಿ ಗಾಡಿಗೆ ಸಿಕ್ಕ ಪ್ರಾಣಿಯನ್ನು ಬೆಳಗ್ಗೆ ಮೊದಲು ನೋಡುವವರು ಅವರು. ಆ ಪ್ರಶ್ನೆ ಕೇಳಲು ನನಗೆ ನಾಲಿಗೆ ಏಳಲಿಲ್ಲ. ನಮ್ಮ ಬೀದಿ ಗುಡಿಸುವ ಹೆಣ್ಣುಮಗಳು ತಾನೇ ಅರ್ಥ ಮಾಡಿಕೊಂಡು, “ಇಲ್ಲಮ್ಮ, ಅಂಥದ್ದೇನೂ ಸಿಕ್ಕಿಲ್ಲ. ಸಿಕ್ಕಿದ್ರೆ ನಾನೇ ಬಂದು ಹೇಳ್ತಿದ್ದೆ. ಧೈರ್ಯವಾಗಿರಿ” ಎಂದಳು. ಆ ಮಾತು ಸಿಕ್ಕ ಮೇಲೆಯೇ ನಾನು ಹೊಟ್ಟೆಗೆ ಊಟ ಹಾಕಿದ್ದು.

ಮಕ್ಕಳು ಹುಡುಕಲು ತುಂಬಾ ಒಳ್ಳೆಯವರು. ಅವರ ಕಣ್ಣು ನೆಲಕ್ಕೆ ಹತ್ತಿರವಿರುತ್ತದೆ, ಯಾವ ಕಾಂಪೌಂಡಿನ ಕಲ್ಲು ಎಲ್ಲಿ ಬಿದ್ದಿದೆ ಎಂಬುದು ಅವರಿಗೆ ಬಾಯಿಪಾಠ. ಆದರೆ ಗುಂಪಾಗಿ ಓಡಿದರೆ ಬೆಕ್ಕು ಇನ್ನೂ ಒಳಗೆ ಸರಿಯುತ್ತದೆ. ನಾನು ಅವರಿಗೆ ಹೇಳುವುದು ಒಂದೇ: ಕಂಡರೆ ಹಿಡಿಯಲು ಹೋಗಬೇಡಿ, ಕೂಗಬೇಡಿ, ಒಬ್ಬರು ಅಲ್ಲೇ ಕೂತು ನೋಡುತ್ತಿರಿ, ಇನ್ನೊಬ್ಬರು ಬಂದು ನನಗೆ ಹೇಳಿ.

ಇನ್ನು ಪೋಸ್ಟರು. ವಿದ್ಯುತ್ ಕಂಬಕ್ಕೆ, ಸಾರ್ವಜನಿಕ ಗೋಡೆಗೆ ಅಂಟಿಸಬೇಡಿ. ಸಾರ್ವಜನಿಕ ಸ್ಥಳಗಳನ್ನು ಅಂದಗೆಡಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರಿಂದಲೇ ಕಾಯ್ದೆ ಇದೆ. ಅಂಗಡಿಯ ಗಾಜಿಗೆ, ಅಪಾರ್ಟ್‌ಮೆಂಟಿನ ಸೂಚನಾ ಫಲಕಕ್ಕೆ, ಪಶುವೈದ್ಯರ ಕ್ಲಿನಿಕ್ಕಿಗೆ ಕೇಳಿಕೊಂಡು ಹಾಕಿದರೆ ಅಲ್ಲಿ ಹೆಚ್ಚು ದಿನ ಉಳಿಯುತ್ತದೆ. ಹತ್ತಿರದ ಪ್ರಾಣಿ ರಕ್ಷಣಾ ಸಂಸ್ಥೆಗಳಿಗೂ ಒಂದು ಪ್ರತಿ ತಲುಪಿಸಿ. ಕಾರಿನಲ್ಲಿ ಹೋಗುವವರಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ ‘ಬೆಕ್ಕು ಕಾಣೆಯಾಗಿದೆ’, ಒಂದು ಫೋಟೊ, ಒಂದು ಫೋನ್ ನಂಬರು, ಇಷ್ಟು ಸಾಕು. ತಳಿಯ ಹೆಸರು, ಅದರ ಸ್ವಭಾವದ ವರ್ಣನೆ ಯಾರೂ ಓದುವುದಿಲ್ಲ. ಮೂರು ಬಣ್ಣದ ಬೆಕ್ಕಾದರೆ ಎರಡೂ ಮಗ್ಗುಲಿನ ಫೋಟೊ ಬೇಕು. ಎಡಗಡೆಯಿಂದ ನೋಡಿದವರಿಗೆ ಬಲಗಡೆಯ ಫೋಟೊ ಬೇರೆಯೇ ಬೆಕ್ಕಿನ ಹಾಗೆ ಕಾಣುತ್ತದೆ. ಒಂದು ಗುರುತನ್ನು ಮಾತ್ರ ಪೋಸ್ಟರಿನಲ್ಲಿ ಹಾಕದೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ರಂಗಿಯ ಹಿಂದಿನ ಬಲಪಾದದ ಅಡಿಯಲ್ಲಿ ಒಂದೇ ಒಂದು ಕಪ್ಪು ಮೆತ್ತೆ ಇದೆ, ಉಳಿದವೆಲ್ಲ ಗುಲಾಬಿ. “ನಿಮ್ಮ ಬೆಕ್ಕು ನಮ್ಮ ಹತ್ತಿರ ಇದೆ, ಮೊದಲು ಹಣ ಕಳಿಸಿ” ಎಂಬ ಫೋನುಗಳು ಬರುತ್ತವೆ. ಸಂಕಟದಲ್ಲಿರುವವರನ್ನು ಹೀಗೆ ಸುಲಿಯುವ ಜನರಿದ್ದಾರೆ. ಪಾದದ ಬಣ್ಣ ಏನು ಎಂದು ಕೇಳಿ. ನನಗೆ ಬಂದ ಒಂದು ಫೋನಿನಲ್ಲಿ ಆತ ಅದನ್ನು “ಗಂಡು ಬೆಕ್ಕು” ಎಂದ. ಕಪ್ಪು-ಕೆಂಚು ಬಣ್ಣವನ್ನು ನಿರ್ಧರಿಸುವ ವಂಶವಾಹಿ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಎರಡೂ ಬಣ್ಣ ಒಂದೇ ಮೈಯಲ್ಲಿ ಮೂಡಲು ಎರಡು ಎಕ್ಸ್ ಬೇಕಾದ್ದರಿಂದ ಮೂರು ಬಣ್ಣದ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ. ಫೋನು ಇಟ್ಟೆ.

ಸಿಸಿಟಿವಿಯಲ್ಲಿ ಕಂಡ ದಿಕ್ಕಿನಲ್ಲಿ, ಓಣಿಯ ಆ ಬದಿಗೆ, ಬೀಗ ಹಾಕಿದ ಒಂದು ಹಳೆಯ ಹೆಂಚಿನ ಮನೆ ಇತ್ತು. ಮಲ್ಲೇಶ್ವರದಲ್ಲಿ ಇಂಥ ಮನೆಗಳು ಬೀದಿಗೊಂದಾದರೂ ಇರುತ್ತವೆ. ಮಕ್ಕಳು ಅಮೆರಿಕದಲ್ಲಿ, ಅಪ್ಪ ಅಮ್ಮ ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ. ಮೊದಲ ಸಂಜೆಯೇ ಹುಡುಗರು ಆ ಮನೆಯ ಗೋಡೆಯ ಮೇಲಿಂದ ಮೊಬೈಲಿನ ಬೆಳಕು ಬಿಟ್ಟು ಕರೆದಿದ್ದರು, ಸದ್ದಿರಲಿಲ್ಲ. ಒಳಗೆ ಹೋಗಿ ನೋಡೋಣವೆಂದರೆ ಬೀಗದ ಕೈ ಯಾರ ಹತ್ತಿರ? ವಿಚಾರಿಸುತ್ತಾ ಹೋದರೆ ಹೂವಿನವರ ಹತ್ತಿರ ಇತ್ತು. ವಾರಕ್ಕೊಮ್ಮೆ ತುಳಸಿಗೆ ನೀರು ಹಾಕಲೆಂದು ಅವರಿಗೆ ಕೊಟ್ಟು ಹೋಗಿದ್ದರಂತೆ. ಆದರೂ ಯಜಮಾನರನ್ನು ಕೇಳದೆ ತೆಗೆಯುವುದು ಸರಿಯಲ್ಲ. ನಮಗೆ ರಾತ್ರಿಯಾದಾಗ ಅವರಿಗೆ ಬೆಳಗಾಗಿರುತ್ತದೆ, ಫೋನು ಮಾಡಿದೆ. “ಅಯ್ಯೋ, ಕೇಳೋದೇನಿದೆ ತೆಗೀರಿ. ಬಚ್ಚಲುಮನೆ ಬಾಗಿಲು ಸರಿಯಾಗಿ ಮುಚ್ಚಲ್ಲ, ಅಲ್ಲಿ ನೋಡಿ ಮೊದಲು” ಎಂದರು ಆ ತಾಯಿ. ಮಗಳ ಮನೆಯಲ್ಲಿ ಕೂತು, ತಮ್ಮ ಹಿತ್ತಿಲಿನ ಒಂದೊಂದು ಮೂಲೆಯನ್ನೂ ನೆನಪಿನಿಂದಲೇ ನನಗೆ ತೋರಿಸಿಕೊಟ್ಟರು.

ರಾತ್ರಿ ಹುಡುಕುವುದಕ್ಕೆ ಒಂದು ಕ್ರಮವಿದೆ. ಗಾಡಿಗಳ ಸದ್ದು ನಿಂತ ಮೇಲೆ, ಹನ್ನೊಂದರ ನಂತರ ಶುರು ಮಾಡಬೇಕು. ಮೊಬೈಲಿನ ಬೆಳಕು ಹರಡಿಹೋಗುತ್ತದೆ. ಬೆಳಕು ಒಂದೇ ಕಡೆ ನೇರ ಬೀಳುವ ಟಾರ್ಚು ಬೇಕು. ಅದನ್ನು ಸೊಂಟದ ಹತ್ತಿರ ಹಿಡಿಯದೆ ಕಣ್ಣಿನ ಪಕ್ಕದಲ್ಲೇ, ಕಣ್ಣಿನ ಎತ್ತರಕ್ಕೇ ಹಿಡಿಯಬೇಕು. ಬೆಕ್ಕಿನ ಕಣ್ಣಿನ ಅಕ್ಷಿಪಟಲದ ಹಿಂದೆ ಬೆಳಕನ್ನು ಹಿಂದಕ್ಕೆ ತಿರುಗಿಸುವ ಒಂದು ಪದರವಿದೆ, ಟೇಪೀಟಮ್ ಎನ್ನುತ್ತಾರೆ. ಮಂದ ಬೆಳಕಿನಲ್ಲೂ ಅದಕ್ಕೆ ಕಣ್ಣು ಕಾಣುವುದಕ್ಕೆ ಇದೂ ಒಂದು ಕಾರಣ. ಬೆಳಕು ಬಂದ ದಾರಿಯಲ್ಲೇ ಹಿಂತಿರುಗುವುದರಿಂದ, ಟಾರ್ಚು ಕಣ್ಣಿನ ಪಕ್ಕದಲ್ಲಿದ್ದರೆ ಆ ಹೊಳಪು ನಮಗೆ ಕಾಣುತ್ತದೆ. ಕೆಳಗೆ ಹಿಡಿದರೆ ಅಷ್ಟು ಚೆನ್ನಾಗಿ ಕಾಣುವುದಿಲ್ಲ.

ಬಚ್ಚಲುಮನೆಯ ಮೂಲೆಯಲ್ಲಿ ತಾಮ್ರದ ಹಂಡೆ ಹೂತ ಒಲೆ. ಗ್ಯಾಸ್ ಗೀಸರ್ ಬಂದ ಮೇಲೆ ಉರಿ ಕಾಣದ ಒಲೆ. ಒಲೆಯ ಬಾಯಿಗೆ ಒಂದು ಹಳೆಯ ತಗಡು ಒರಗಿಸಿತ್ತು, ಪಕ್ಕದಲ್ಲಿ ಒಂದು ಗೇಣಷ್ಟು ಸಂದು. ನಾನು ಒದ್ದೆ ಕಲ್ಲಿನ ಮೇಲೆ ಬೋರಲು ಮಲಗಿ ಆ ಸಂದಿಗೆ ಟಾರ್ಚು ಬಿಟ್ಟೆ. ಮೊದಲು ಕಂಡದ್ದು ಬೂದಿ, ಇದ್ದಿಲು, ಅರ್ಧ ಸುಟ್ಟ ತೆಂಗಿನ ಚಿಪ್ಪು. ಬೆಳಕನ್ನು ಒಂದಿಷ್ಟು ಎಡಕ್ಕೆ ಸರಿಸಿದಾಗ ಹಿಂದಿನ ಗೋಡೆಯ ಹತ್ತಿರ ಎರಡು ಹಸಿರು ಹೊಳಪು. ರೆಪ್ಪೆ ಮುಚ್ಚಿ ತೆರೆಯಿತು. ಮೈಯೆಲ್ಲ ಬೂದಿ ಮೆತ್ತಿ ಬಿಳಿ ಯಾವುದು ಕಪ್ಪು ಯಾವುದು ಗೊತ್ತಾಗುತ್ತಿರಲಿಲ್ಲ. ಕಿವಿ ಎರಡೂ ಹಿಂದಕ್ಕೆ ಮಡಚಿ ತಲೆಗೆ ಅಂಟಿದ್ದವು. “ರಂಗೀ” ಎಂದು ಮೆಲ್ಲಗೆ ಅಂದೆ. ಒಂದು ಕಿವಿ, ಒಂದೇ ಕಿವಿ, ನನ್ನ ಕಡೆ ತಿರುಗಿತು. ಬಾಯಿ ಬಿಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೂವಿನವರು ಸೆರಗಿನಿಂದ ಕಣ್ಣೊರೆಸಿಕೊಂಡರು, ನಾನೂ ಅತ್ತೆ.

ಕಂಡ ತಕ್ಷಣ ಕೈ ಹಾಕಿ ಎಳೆಯಬೇಕೆನಿಸುತ್ತದೆ. ಎಳೆಯಬಾರದು. ಹೆದರಿದ ಬೆಕ್ಕಿಗೆ ಆ ಹೊತ್ತಿನಲ್ಲಿ ನಮ್ಮ ಕೈಯೂ ಶತ್ರುವೇ; ಕಚ್ಚುತ್ತದೆ, ಪರಚುತ್ತದೆ, ತಪ್ಪಿಸಿಕೊಂಡು ಓಡಿದರೆ ಮತ್ತೆ ಮೊದಲಿನಿಂದ ಹುಡುಕಬೇಕು. ಕಚ್ಚಿದರೆ ಅಥವಾ ಪರಚಿದರೆ, ಅದು ಎಷ್ಟೇ ಮುದ್ದಿನ ಬೆಕ್ಕಾಗಿರಲಿ, ಹರಿಯುವ ನೀರು ಮತ್ತು ಸೋಪಿನಲ್ಲಿ ಹದಿನೈದು ನಿಮಿಷ ಗಾಯ ತೊಳೆದು ವೈದ್ಯರ ಹತ್ತಿರ ಹೋಗಬೇಕು. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ. ಮೊದಲು ಹೊರಹೋಗುವ ದಾರಿಗಳನ್ನು ಮುಚ್ಚಬೇಕು. ನಾವು ಬಚ್ಚಲುಮನೆಯ ಬಾಗಿಲು ಎಳೆದು, ಕಿಟಕಿಗೆ ಗೋಣಿ ತುರುಕಿದೆವು. ಒಲೆಯ ಮುಂದೆ ರಂಗಿಯ ಬುಟ್ಟಿ, ಬುಟ್ಟಿಯೊಳಗೆ ಅದು ದಿನಾ ಮಲಗುವ ನನ್ನ ಹಳೆಯ ಸೀರೆ. ಇನ್ನು ಬೇಕಿದ್ದದ್ದು ವಾಸನೆ ಗಾಢವಾದ ತಿನಿಸು.

ಇಸ್ತ್ರಿಯವರ ಹೆಂಡತಿ ಒಣಮೀನು ಕೊಟ್ಟರು. ಬೀಗ ಹಾಕಿದ್ದ ಆ ಮನೆ ಮಡಿ ಮೈಲಿಗೆ ನೋಡುವ ಮನೆ. ಎದುರು ಮನೆಯ ಅಜ್ಜಿಯೂ ಅಂಥವರೇ, ಈರುಳ್ಳಿಯನ್ನೂ ಒಳಗೆ ತರದವರು. ಬೀಗದ ಮನೆಯವರಿಗೆ ದೂರದ ನೆಂಟರು ಬೇರೆ. ಹೇಗೆ ಕೇಳುವುದೆಂದು ನಾನು ಸಂಕೋಚಪಡುತ್ತಿದ್ದಾಗ ಅಜ್ಜಿಯೇ ಅಂದರು: “ಜೀವ ಉಳಿಸೋ ಹೊತ್ತಲ್ಲಿ ಮಡಿ ಏನು ಬಂತು? ಇಡು. ನಾಳೆ ನಾನೇ ನಿಂತು ತೊಳೆಸ್ತೀನಿ.” ಬೀಗದ ಮನೆಯ ತಾಯಿಯೂ ಫೋನಿನಲ್ಲಿ ಅದನ್ನೇ ಹೇಳಿದರು. ನಾಲ್ಕು ಚೂರು ಮೀನು ಬಿಸಿನೀರಿನಲ್ಲಿ ನೆನೆಸಿ ಬುಟ್ಟಿಯೊಳಗೆ ಇಟ್ಟು, ದೀಪ ಆರಿಸಿ, ನಾನೊಬ್ಬಳೇ ಗೋಡೆಗೆ ಒರಗಿ ಕೂತೆ. ಮಾತಿಲ್ಲ, ಕರೆಯಿಲ್ಲ. ಎಷ್ಟೋ ಹೊತ್ತಿನ ಮೇಲೆ ತಗಡು ಕಿರುಗುಟ್ಟಿತು. ಆಮೇಲೆ ಬುಟ್ಟಿಯ ಬೆತ್ತ. ಆಮೇಲೆ ಅಗಿಯುವ ಸದ್ದು. ಮುಚ್ಚಳ ಮುಚ್ಚಿದೆ.

ಎಲ್ಲ ಬೆಕ್ಕೂ ಹೀಗೆ ಒಂದೇ ರಾತ್ರಿಯಲ್ಲಿ ಬರುವುದಿಲ್ಲ. ಹಸಿವು ಬಾಯಾರಿಕೆಗಳು ಹೆದರಿಕೆಯನ್ನು ಮೀರುವವರೆಗೆ ಕೆಲವು ಅಲ್ಲಾಡುವುದಿಲ್ಲ. ಹತ್ತು-ಹನ್ನೆರಡು ದಿನದ ಮೇಲೆ ಮೊದಲ ಸಲ ಮಿಯಾವ್ ಎಂದ ಬೆಕ್ಕುಗಳ ಬಗ್ಗೆ ಆಲ್ಬ್ರೆಕ್ಟ್ ಬರೆದಿದ್ದಾರೆ. ಆದ್ದರಿಂದ ನೋಡಿದ ಹಿತ್ತಿಲನ್ನೇ ಮತ್ತೆ ನೋಡಬೇಕು. ಮರಳಿನ ಟ್ರೇಯನ್ನು ಮನೆ ಮುಂದೆ ಇಡಿ, ವಾಸನೆಗೆ ಬರುತ್ತದೆ ಎಂದು ಅನೇಕರು ಹೇಳುತ್ತಾರೆ. ನಾನು ಹೇಳುವುದಿಲ್ಲ. ಬೀದಿಯ ಗಂಡು ಬೆಕ್ಕುಗಳು ಅದರ ವಾಸನೆಗೆ ಬಂದು ಠಿಕಾಣಿ ಹೂಡಿದರೆ ಹೆದರಿದ್ದು ಇನ್ನೂ ಹೆದರುತ್ತದೆ. ಮನೆಯವರು ಹೊದ್ದ ಬಟ್ಟೆ ಸಾಕು. ಹೊರಗೆ ಓಡಾಡಿ ರೂಢಿಯಿರುವ ಬೆಕ್ಕಾದರೆ ಲೆಕ್ಕವೇ ಬೇರೆ. ಅದೇ ಅಧ್ಯಯನದಲ್ಲಿ ಅಂಥವುಗಳ ಮುಕ್ಕಾಲು ಪಾಲು ಸಿಗಬೇಕಾದರೆ ಒಂದೂವರೆ ಕಿಲೋಮೀಟರಿಗೂ ಮೀರಿ ಹುಡುಕಬೇಕಾಗಿತ್ತು. ಕುತೂಹಲ ಹೆಚ್ಚಿರುವ ಬೆಕ್ಕುಗಳು ಬೇರೆಯವರ ಮನೆಯೊಳಗೇ ಸಿಗುವುದು ಹೆಚ್ಚು. ಯಾರೋ ಪ್ರೀತಿಯಿಂದ ಹಾಲು ಹಾಕಿ ಇಟ್ಟುಕೊಂಡಿರುತ್ತಾರೆ. ಅವರ ಮೇಲೆ ರೇಗದೆ ಕೇಳಬೇಕು. ಸಂತಾನಹರಣ ಚಿಕಿತ್ಸೆ ಆಗದ ಗಂಡು ಬೆಕ್ಕು ಹೆಣ್ಣಿನ ಹಿಂದೆ ಹೋದರೆ ದಾರಿ ತಪ್ಪುವುದು ಸಹಜ. ಚಿಕಿತ್ಸೆ ಮಾಡಿಸಿದರೆ ಈ ಅಲೆದಾಟವೇ ಕಡಿಮೆಯಾಗುತ್ತದೆ. ಅಕ್ಕಿಕಾಳಿನಷ್ಟಿರುವ ಮೈಕ್ರೋಚಿಪ್ ಹಾಕಿಸಿದರೆ ಅದರಲ್ಲಿ ಹದಿನೈದು ಅಂಕಿಯ ಗುರುತು ಇರುತ್ತದೆ. ಸ್ಕ್ಯಾನರ್ ಇರುವ ಆಸ್ಪತ್ರೆಗೆ ಯಾರಾದರೂ ಕರೆದೊಯ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಬೆಕ್ಕು ಎಲ್ಲಿದೆ ಎಂದು ಅದು ತೋರಿಸುವುದಿಲ್ಲ. ನಾನು ಚಿಪ್ಪಿನ ಜೊತೆಗೆ ಬಿಗಿದರೆ ತಾನಾಗಿ ಬಿಚ್ಚಿಕೊಳ್ಳುವ ಕೊರಳಪಟ್ಟಿಯನ್ನೂ, ಅದರ ಮೇಲೆ ಫೋನ್ ನಂಬರನ್ನೂ ಹಾಕಿಸಲು ಎಲ್ಲರಿಗೂ ಹೇಳುತ್ತೇನೆ. ಬೀದಿಯಲ್ಲಿ ಓದಲು ಬರುವುದು ಅದೇ.

ಸಿಕ್ಕಿದ ಬೆಕ್ಕಿಗೆ ತಟ್ಟೆ ತುಂಬ ಇಡಬೇಡಿ. ಕೆಲವು ದಿನ ಏನೂ ತಿನ್ನದಿದ್ದರೆ ಬೆಕ್ಕಿನ ಮೈಯ ಕೊಬ್ಬು ಯಕೃತ್ತಿಗೆ ನುಗ್ಗಿ ತುಂಬಿಕೊಳ್ಳುತ್ತದೆ. ದುಂಡಗಿರುವ ಬೆಕ್ಕುಗಳಿಗೆ ಈ ಅಪಾಯ ಹೆಚ್ಚು. ನೀರು ಕೊಟ್ಟು, ಸ್ವಲ್ಪ ಸ್ವಲ್ಪವೇ ತಿನ್ನಿಸಿ, ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ ಅದು ಬುಸುಗುಟ್ಟಬಹುದು. ಹೊರಗಿನ ವಾಸನೆ ಮೆತ್ತಿಕೊಂಡು ಬಂದದ್ದನ್ನು ಅದು ತಕ್ಷಣ ಗುರುತಿಸುವುದಿಲ್ಲ. ಒಂದೆರಡು ದಿನ ಬೇರೆ ಕೋಣೆಯಲ್ಲಿಟ್ಟರೆ ಸರಿಹೋಗುತ್ತದೆ. ರಂಗಿಯ ಬೂದಿಯನ್ನು ನಾನು ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಸ್ನಾನ ಮಾಡಿಸಲಿಲ್ಲ.

ಹಾಕಿದ ಪೋಸ್ಟರುಗಳನ್ನೆಲ್ಲ ತೆಗೆದು, ಕೇಳಿದ ಪ್ರತಿಯೊಬ್ಬರಿಗೂ ಸಿಕ್ಕಿತೆಂದು ಹೋಗಿ ಹೇಳುವುದು ಬಾಕಿಯಿರುತ್ತದೆ. ಇದನ್ನು ಬಿಡಬೇಡಿ. ನಾವು ನಿಲ್ಲಿಸಿದ ಮೇಲೂ ಜನ ಹುಡುಕುತ್ತಲೇ ಇರುತ್ತಾರೆ. ಬೀದಿ ಗುಡಿಸುವ ಹೆಣ್ಣುಮಗಳಿಗೆ ಸುದ್ದಿ ಹೇಳಲು ಹೋದಾಗ ಅವಳು ನಿಂತ ಕಾರುಗಳ ಕೆಳಗೆಲ್ಲ ಬಗ್ಗಿ ನೋಡಿಕೊಂಡೇ ಬರುತ್ತಿದ್ದಳು. “ನಿಮ್ಮದು ಸಿಕ್ತಲ್ಲ, ಸಂತೋಷ. ಆದ್ರೆ ಎಂಟನೇ ಕ್ರಾಸಿನಲ್ಲಿ ಬಾಳೆಎಲೆ ಮಾರೋರ ಹತ್ರ ಒಂದು ಹಳದಿ ಬೆಕ್ಕಿದೆಯಮ್ಮ, ಕೊರಳಲ್ಲಿ ಪಟ್ಟಿ ಇದೆ, ಸೊರಗಿ ಹೋಗಿದೆ. ಅದೂ ಯಾರ ಮನೇದೋ” ಎಂದಳು. ನಾವಿಬ್ಬರೂ ಆಗಲೇ ಹೋದೆವು. ಬಾಳೆಎಲೆಯ ಕಟ್ಟುಗಳ ಹಿಂದೆ ಕೂತಿತ್ತು. ಪಟ್ಟಿಯ ಮೇಲೆ ಬರೆದಿದ್ದ ನಂಬರಿನಲ್ಲಿ ಕೊನೆಯ ಅಂಕಿ ಅಳಿಸಿತ್ತು. ಸೊನ್ನೆಯಿಂದ ಒಂಬತ್ತರವರೆಗೆ ಒಂದೊಂದನ್ನೇ ಹಾಕಿ ಫೋನು ಮಾಡುತ್ತಾ ಹೋದೆ. ಅವರು ಸಿಕ್ಕಿದರು, ಸಂಜೆಯೊಳಗೆ ಬುಟ್ಟಿ ತಂದು ಕರೆದುಕೊಂಡು ಹೋದರು.